ಎರಡು ಪುಟ ಸಾಕು

ಎರಡು ಪುಟ ಸಾಕು ಅಂದರು ಚಿಕ್ಕಪ್ಪ,
ಉಳಿದದ್ದನ್ನು ಫೋಟೊಗಳು ನೋಡಿಕೊಳ್ಳುತ್ತವೆ.
ಐವತ್ತು ವರ್ಷ, ಇಪ್ಪತ್ತೆರಡು ಮಳಿಗೆ,
ಸೋಹಾರ್‌ನಿಂದ ಸಲಾಲದವರೆಗೆ.
ಊರಿನಲ್ಲಿ ಹಂಚಲಿಕ್ಕೆ ಕನ್ನಡದಲ್ಲೂ ಬೇಕು,
ಬರೆಯಲು ಬರುವವಳು ಮನೆಯಲ್ಲಿ ನೀನೊಬ್ಬಳೇ.

ಕೂತೆ.
ಬೆಂಗರೆಯ ಚೆಯ್ಯಬ್ಬ ಎಪ್ಪತ್ತನಾಲ್ಕರಲ್ಲಿ
ಬೊಂಬಾಯಿಯಿಂದ ಹಡಗು ಹತ್ತಿ ಮತ್ರಾದಲ್ಲಿ ಇಳಿದರು.
ಇಷ್ಟು ಸರಿ.
ಕೈಯಲ್ಲಿ ಏನಿತ್ತು ಎಂಬುದಕ್ಕೆ ಒಬ್ಬೊಬ್ಬರದು ಒಂದೊಂದು ಮಾತು:
ಅಪ್ಪನ ಪ್ರಕಾರ ನೂರು ರೂಪಾಯಿ,
ಚಿಕ್ಕಪ್ಪನ ಭಾಷಣದಲ್ಲಿ ಬರಿಗೈ,
ಅಜ್ಜಿ ಹೇಳುವುದು ಒಣಮೀನಿನ ಕಟ್ಟು,
ಅದರ ವಾಸನೆಗೆ ಹಡಗಿನಲ್ಲಿ ಯಾರೂ ಹತ್ತಿರ ಮಲಗಲಿಲ್ಲ.

ಸೂಕಿನ ಹಿಂದೆ, ಎರಡು ಆಳು ಅಗಲದ ಅಂಗಡಿ.
ಲೈಸೆನ್ಸು ಖಲ್ಫಾನರದು, ಬೆವರು ನಮ್ಮದು,
ಬೋರ್ಡಿನ ಮೇಲೆ ಅವರ ಮಗಳ ಹೆಸರು, ಶಮ್ಸಾ.
ಅಜ್ಜನಿಗೆ ಅದನ್ನು ಓದಲು ಬರುತ್ತಿರಲಿಲ್ಲ.
ಐದು ವರ್ಷದ ಹುಡುಗಿ ದಿನಾ ಬಂದು
ತನ್ನ ಹೆಸರಿನ ಅಂಗಡಿಯಲ್ಲಿ
ಪುಕ್ಕಟೆ ಒಂದು ಪೆಪ್ಪರಮೆಂಟು ತಗೊಳ್ಳುತ್ತಿದ್ದಳು.
ಈಗ ಹೆಡ್‌ಮಿಸ್ಟ್ರೆಸ್ ಆಗಿ ರಿಟೈರಾದ ಆಕೆ
ರೂವಿಯ ಮಳಿಗೆಯಲ್ಲಿ ಎಲ್ಲರಂತೆ ಕ್ಯೂ ನಿಂತು
ತನ್ನ ಹೆಸರು ಅಚ್ಚಾದ ಚೀಲದಲ್ಲಿ ಟೊಮೆಟೊ ಒಯ್ಯುತ್ತಾರೆ.
ಕೌಂಟರಿನ ಹೊಸ ಹುಡುಗ ಕೇಳುತ್ತಾನೆ:
ಮೆಂಬರ್‌ಶಿಪ್ ಕಾರ್ಡ್ ಇದೆಯಾ ಮೇಡಂ?

ಉದ್ರಿ ಪುಸ್ತಕ ನನ್ನ ಬಳಿ ಇದೆ. ಕನ್ನಡ ಅಂಕಿ.
ಹೆಸರು ಗೊತ್ತಿಲ್ಲದವರಿಗೆ ಅಜ್ಜನೇ ಇಟ್ಟ ಹೆಸರು:
ಹಸಿರು ಬಾಗಿಲು, ಅಕ್ಕಿ, ಈರುಳ್ಳಿ.
ಕೆಮ್ಮಿನ ಪಠಾಣ, ಚಾಪುಡಿ, ೧೫೦ ಬೈಸ.
ನಗದ ಡ್ರೈವರ್, ಬೆಂಕಿಪೆಟ್ಟಿಗೆ, ಕೊನೆಗೂ ನಗದು.
ಮೂರನೇ ಮಾಳಿಗೆ ಟೀಚರ್, ಹಾಲಿನ ಡಬ್ಬಿ, ಡಬ್ಬಿ, ಡಬ್ಬಿ,
ಆಮೇಲೆ ಒಂದು ಅಡ್ಡಗೆರೆ. ಪಕ್ಕದಲ್ಲಿ:
ಮಗು ಹೋಯಿತು. ಕೇಳುವುದು ಬೇಡ.

ಗೋನು ಚಂಡಮಾರುತ ಬಂದದ್ದು ಎರಡು ಸಾವಿರದ ಏಳರಲ್ಲಿ.
ಒಣ ಹೊಳೆ ಉಕ್ಕಿ ರಸ್ತೆ ಕೊಚ್ಚಿತು, ನಲ್ಲಿ ಒಣಗಿತು.
ಒಂದು ಬೆಳಗ್ಗೆ, ಒಂದೇ ಒಂದು ಬೆಳಗ್ಗೆ,
ಅಪ್ಪ ನೀರಿನ ಬಾಟಲಿಗೆ ಮೂರು ಪಟ್ಟು ಬೆಲೆ ಬರೆದರು.
ಮಧ್ಯಾಹ್ನಕ್ಕೆ ಅಳಿಸಿದರು.
ಅಜ್ಜ ಹನ್ನೊಂದು ದಿನ ಅವರ ಜೊತೆ ಮಾತಾಡಲಿಲ್ಲ.
ಆ ತಿಂಗಳ ಲಾಭದಿಂದ ಆರನೇ ಮಳಿಗೆಗೆ ಫ್ರೀಜರ್ ಬಂತು.
ಇದನ್ನು ಯಾವ ಪುಟಕ್ಕೆ ಹಾಕಲಿ?

ಮತ್ತೆ ಅಜ್ಜಿ, ಬೀಫಾತುಮ್ಮ,
ಯಾವ ಕಾಗದದಲ್ಲೂ ಪಾಲುದಾರಳಲ್ಲ.
ಹದಿನೇಳು ವರ್ಷ, ಮಕ್ಕಳು ಮಲಗಿದ ಮೇಲೆ,
ಅಡುಗೆಮನೆಯ ನೆಲದಲ್ಲಿ ಕೂತು
ಮೆಣಸಿನ ಪುಡಿ ತೂಗಿ, ಪ್ಲಾಸ್ಟಿಕ್ಕಿಗೆ ತುಂಬಿ,
ಗರಗಸದ ಬ್ಲೇಡಿಗೆ ಮಡಿಸಿ, ಮೊಂಬತ್ತಿಗೆ ಹಿಡಿದು
ಬಾಯಿ ಅಂಟಿಸುತ್ತಿದ್ದರು.
ಬಿಸಿಯಿರುವಾಗಲೇ ಹೆಬ್ಬೆರಳಿಂದ ಒತ್ತಬೇಕು.
ಮೊನ್ನೆ ರೆಸಿಡೆಂಟ್ ಕಾರ್ಡ್ ಹೊಸದು ಮಾಡಿಸಲು
ಕಚೇರಿಯ ಗಾಜಿನ ಮೇಲೆ ಬೆರಳಿಟ್ಟರೆ
ಯಂತ್ರ ಕೆಂಪಾಯಿತು. ಮತ್ತೊಮ್ಮೆ. ಮತ್ತೊಂದು ಬೆರಳು.
ಓದಲಿಕ್ಕೆ ಅಲ್ಲೇನೂ ಇರಲಿಲ್ಲ.
ಯೂನಿಫಾರ್ಮಿನ ಹುಡುಗಿ ಅರಬಿಯಲ್ಲಿ ಕೇಳಿದಳು,
ಅಮ್ಮಾ, ನಿಮ್ಮ ಗೆರೆಗಳೆಲ್ಲ ಎಲ್ಲಿ?
ಅಜ್ಜಿ ಮುರುಕು ಅರಬಿಯಲ್ಲೇ: ಅಂಗಡಿಯಲ್ಲಿ.

ಎಲ್ಲ ಬರೆದೆ. ಏಳು ಪುಟ ಆಯಿತು.
ಓದಿ ಹೇಳಿದೆ. ಚಿಕ್ಕಪ್ಪ ಕಾರಿನ ಕೀಲಿ ತಿರುಗಿಸುತ್ತ ಕೇಳಿದರು.
ನೀರು ಬೇಡ, ಅಂದರು. ಮಗುವೂ ಬೇಡ.
ಮೆಣಸಿನ ಪುಡಿ ಇರಲಿ, ಬೆರಳು ಬೇಡ.

ಹೊತ್ತಗೆ ಬಂತು, ಕನ್ನಡಿಯಂಥ ಕಾಗದ.
ಅಜ್ಜಿ ಮಡಿಲಲ್ಲಿಟ್ಟು ಪುಟ ಮಗುಚಿದರು.
ಅಜ್ಜನ ಫೋಟೊದ ಮೇಲೆ ಎಣ್ಣೆಗೈಯ ಹೆಬ್ಬೆರಳು ಊರಿತು:
ಗೆರೆಯಿಲ್ಲದ, ನುಣ್ಣನೆಯ ಒಂದು ಕಲೆ.
ಸೆರಗಿನಿಂದ ಒರೆಸುತ್ತ ಕೇಳಿದರು,
ಒಂದಕ್ಕೆ ಎಷ್ಟು ಬಿತ್ತಂತೆ ಇದು?
ಹೋಲ್‌ಸೇಲಿಗೆ ಕೇಳಬೇಕಿತ್ತು.